ಜಿಮ್ ಸ್ಟೈನ್ಸ್ ಮಾಡಿದ ಆ ಒಂದು ತಪ್ಪನ್ನು ನಮ್ಮ ಮಕ್ಕಳಿಗೆ ಹೇಳೋಣ

ಮೆಲ್ಬರ್ನಿನ ಕನ್ನಡದ ಅಪ್ಪ ಅಮ್ಮಂದಿರಿಗೆ, ಇಲ್ಲಿ ನಮ್ಮ ಹಬ್ಬಗಳನ್ನು ಪ್ರತಿವರ್ಷ ಹೊತ್ತು ನಡೆಸುವ ಹಿರಿಯರಿಗೆ,

ನಮಸ್ಕಾರ. ಈ ಸಲ ಯುಗಾದಿ ಮಾರ್ಚ್ 19ಕ್ಕೆ ಬಂತು. ಮಾರನೇ ದಿನ ಮಾರ್ಚ್ 20. ಇಲ್ಲಿನ ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್ಬಾಲ್ ಆಡುತ್ತಿದ್ದ ಜಿಮ್ ಸ್ಟೈನ್ಸ್ ತೀರಿಕೊಂಡು ಅವತ್ತಿಗೆ 14 ವರ್ಷ. ಕೆಲಸ ಮುಗಿಸಿಕೊಂಡು ಎಂಸಿಜಿ ಕ್ರೀಡಾಂಗಣದ ಹೊರಗಿರುವ ಅವನ ಪ್ರತಿಮೆ ಹತ್ತಿರ ಹೋಗಿ ಹತ್ತು ನಿಮಿಷ ನಿಂತು ಬಂದೆ. ವಾಪಸ್ ಟ್ರೇನಿನಲ್ಲಿ ಕೂತಾಗ ಈ ಪತ್ರ ಬರೆಯಲೇಬೇಕು ಅನ್ನಿಸಿತು.

ಜಿಮ್‌ನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ತಪ್ಪು ತಿಳಿಯಬೇಡಿ. ಪ್ರೀತಿ ಜಾಸ್ತಿ ಇದ್ದವರನ್ನು ನಾವು ಹಾಗೇ ಕರೆಯುವುದು ಅಲ್ವಾ.

ಆ ಪ್ರತಿಮೆಯ ಪಕ್ಕದಲ್ಲಿ ನೀವೆಲ್ಲ ಹಾದು ಹೋಗಿದ್ದೀರಿ. ಬಾಕ್ಸಿಂಗ್ ಡೇ ಟೆಸ್ಟ್‌ಗೆ ಹೋದಾಗ ಶೇನ್ ವಾರ್ನ್ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಅದೇ ದಾರಿಯಲ್ಲೇ ಜಿಮ್ ಕೂಡ ಇದ್ದಾನೆ. 2014ರಲ್ಲಿ ಅದನ್ನು ನಿಲ್ಲಿಸಿದರು. ವಾರ್ನ್ ಯಾರು ಅಂತ ನಮ್ಮ ಮನೆಗಳ ಐದು ವರ್ಷದ ಮಗುವಿಗೂ ಗೊತ್ತು. ಜಿಮ್ ಯಾರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನನಗೂ ಗೊತ್ತಿರಲಿಲ್ಲ. ನಾನು ಈ ಊರಿಗೆ ಬಂದದ್ದು 2012ರ ಫೆಬ್ರವರಿಯಲ್ಲಿ. ಮಗನಿಗೆ ಆಗ ಏಳು ತಿಂಗಳು. ಆ ವರ್ಷ ಯುಗಾದಿ ಮಾರ್ಚ್ 23, ಶುಕ್ರವಾರ. ಹೊಸ ಊರು, ಪರಿಚಯದವರು ಯಾರೂ ಇಲ್ಲ. ಬೇವು ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಿಲ್ಲ. ಬರೀ ಬೆಲ್ಲ ತಿಂದು ಆಫೀಸಿಗೆ ಹೋದೆ. ಹಾಸನದಿಂದ ಅಮ್ಮ ಫೋನ್ ಮಾಡಿ, ಬೇವಿಲ್ಲದೆ ಎಂಥ ಯುಗಾದಿ ಅಂತ ಬೇಜಾರು ಮಾಡಿಕೊಂಡರು.

ಆ ವಾರವೆಲ್ಲ ಪೇಪರಿನ ಮುಖಪುಟದಲ್ಲಿ ಒಬ್ಬನದೇ ಫೋಟೊ. ಉದ್ದನೆಯ ಆಳು, ತಲೆ ಬೋಳಿಸಿದ್ದ, ನಗುತ್ತಿದ್ದ. ಯಾರೋ ದೊಡ್ಡ ಮನುಷ್ಯ ಇರಬೇಕು ಅಂದುಕೊಂಡು ಪುಟ ತಿರುಗಿಸಿದ್ದೆ.

ಮರುವಾರ ಮಂಗಳವಾರ, ಮಾರ್ಚ್ 27. ಊಟದ ಹೊತ್ತಿಗೆ ಹೊರಗೆ ಬಂದರೆ ಫೆಡರೇಷನ್ ಸ್ಕ್ವೇರ್ ತುಂಬಾ ಜನ. ಸಾವಿರಾರು ಜನ. ಅಷ್ಟು ಜನ ಸೇರಿದ್ದರೂ ಸದ್ದಿಲ್ಲ. ಟ್ರಾಮಿನ ಗಂಟೆ ಮಾತ್ರ ಕೇಳಿಸುತ್ತಿತ್ತು. ಎಲ್ಲರ ಕಣ್ಣೂ ದೊಡ್ಡ ಪರದೆ ಮೇಲೆ. ಎದುರಿಗಿದ್ದ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಒಳಗೆ ಸರ್ಕಾರಿ ಗೌರವದ ಅಂತ್ಯಸಂಸ್ಕಾರ ನಡೆಯುತ್ತಿತ್ತು. ಸೂಟು ಹಾಕಿದವರು, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡ ಕಟ್ಟಡ ಕೆಲಸದವರು, ಯೂನಿಫಾರ್ಮಿನ ಮಕ್ಕಳು ಎಲ್ಲರೂ ನಿಂತಿದ್ದರು. ಕೊರಳಿಗೆ ಕೆಂಪು ನೀಲಿ ಮಫ್ಲರ್ ಸುತ್ತಿಕೊಂಡ ಒಬ್ಬ ಹೆಂಗಸು ನನ್ನ ಪಕ್ಕ ಅಳುತ್ತಿದ್ದರು. ಮಾರ್ಚ್‌ನಲ್ಲಿ ಮಫ್ಲರ್ ಬೇಕಾಗುವಷ್ಟು ಚಳಿ ಇರುವುದಿಲ್ಲ. ಅದು ಅವನು ಆಡಿದ ಮೆಲ್ಬರ್ನ್ ಕ್ಲಬ್ಬಿನ ಬಣ್ಣ ಅಂತ ಆಮೇಲೆ ಗೊತ್ತಾಯಿತು.

ಯಾರು ಹೋದದ್ದು ಅಂತ ಮೆಲ್ಲಗೆ ಕೇಳಿದೆ.

"ಜಿಮ್" ಅಂದರು. ನನ್ನ ಮುಖ ನೋಡಿ ಹೊಸಬ ಅಂತ ಗೊತ್ತಾಗಿರಬೇಕು. "ಐರ್ಲೆಂಡಿನ ಹುಡುಗ. ನಮ್ಮವನು" ಅಂತ ಸೇರಿಸಿದರು.

ಐರ್ಲೆಂಡಿನವನು, ಆದರೆ ನಮ್ಮವನು. ಈ ಎರಡು ಮಾತು ಒಟ್ಟಿಗೆ ಹೇಗೆ ಬಂತು? ಊರಿಗೆ ಬಂದು ಎರಡು ತಿಂಗಳೂ ತುಂಬದ ನನಗೆ ಆ ಪ್ರಶ್ನೆ ಬಹಳ ದಿನ ಕಾಡಿತು. ಮುಂದೆ ಎಂದಾದರೂ ನನ್ನನ್ನೂ ಈ ಊರು ಹಾಗೆ ಕರೆಯುತ್ತದಾ ಅಂತ ಯೋಚಿಸಿದ್ದೂ ಹೌದು. ಅವನ ಬಗ್ಗೆ ಓದಲು ಶುರು ಮಾಡಿದ್ದು ಹಾಗೆ.

ಅವನು ಹುಟ್ಟಿದ್ದು ಡಬ್ಲಿನ್‌ನಲ್ಲಿ, 1966ರಲ್ಲಿ. ಅಲ್ಲಿ ಆಡುತ್ತಿದ್ದದ್ದು ಗೇಲಿಕ್ ಫುಟ್ಬಾಲ್. 1984ರಲ್ಲಿ ಡಬ್ಲಿನ್‌ನ ಕಿರಿಯರ ತಂಡದಲ್ಲಿ ಆಡಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದ. ಅದೇ ಹೊತ್ತಿಗೆ ಇಲ್ಲಿನ ಮೆಲ್ಬರ್ನ್ ಫುಟಿ ಕ್ಲಬ್ಬಿನವರು ಅಲ್ಲಿನ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರು. ಬನ್ನಿ, ನಮ್ಮ ಆಟ ಕಲಿಯಿರಿ, ಓದಿಸುತ್ತೇವೆ ಅಂತ. ರಾನ್ ಬರಾಸಿ ಕೋಚ್ ಆಗಿದ್ದ ಕಾಲ ಅದು. ಹದಿನೆಂಟರ ಹುಡುಗ ಬ್ಯಾಗ್ ತುಂಬಿಕೊಂಡು ಬಂದೇಬಿಟ್ಟ.

ಗೇಲಿಕ್ ಆಟದ ಚೆಂಡು ದುಂಡಗೆ. ನಮ್ಮ ಫುಟಿಯ ಚೆಂಡು ಮೊಟ್ಟೆಯ ಹಾಗೆ. ಬರೀ ಆಕಾರದ ವಿಷಯ ಅಂತ ಅನ್ನಿಸಬಹುದು. ಒಮ್ಮೆ ಕೈಗೆ ತಗೊಂಡು ನೋಡಿ. ಚೆಂಡು ಹಿಡಿದು ಓಡುವವನು 15 ಮೀಟರ್‌ಗೆ ಒಂದು ಸಲ ಅದನ್ನು ನೆಲಕ್ಕೆ ತಾಗಿಸಬೇಕು. ಮೂತಿಯನ್ನು ಸರಿಯಾದ ಕೋನದಲ್ಲಿ, ಸ್ವಲ್ಪ ಮುಂದಕ್ಕೆ ಹಾಕಿದರೆ ಮಾತ್ರ ವಾಪಸ್ ಕೈಗೆ ಬರುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಎತ್ತಲೋ ಹಾರುತ್ತದೆ. ಮಗ ಚಿಕ್ಕ ಮಕ್ಕಳ ಫುಟಿ ತರಬೇತಿ ಆಸ್ಕಿಕ್‌ಗೆ ಸೇರಿದ ವರ್ಷ ಹಿತ್ತಲಲ್ಲಿ ನಾನೂ ಪ್ರಯತ್ನಿಸಿದೆ. ಮೂರು ವಾರ ನಿಂತ ಜಾಗದಲ್ಲೇ ಹಾಕಿದರೂ ಹತ್ತರಲ್ಲಿ ಮೂರು ಸಲ ಕೈಗೆ ಬರುತ್ತಿತ್ತು. ಓಡುತ್ತಾ ಹಾಕುವುದು ದೂರದ ಮಾತು. ಹದಿನೆಂಟು ವರ್ಷ ದುಂಡಗಿನ ಚೆಂಡಿಗೆ ಒಗ್ಗಿದ ಕೈಗೆ ಇದನ್ನು ಕಲಿಸುವುದು ಅಂದರೆ ಬೇರೆ ಲಿಪಿಯಲ್ಲಿ ಮತ್ತೆ ಅಕ್ಷರ ತಿದ್ದಿದ ಹಾಗೆ.

ಅವನಿಗೂ ಸುಲಭವಾಗಲಿಲ್ಲ. ಕೆಳಗಿನ ತಂಡಗಳಲ್ಲಿ ಆಡಿದ. 1986ರಲ್ಲಿ ಪ್ರಾರಾನ್ ಅನ್ನುವ ಬೇರೆ ಕ್ಲಬ್ಬಿಗೆ ಕಳಿಸಿದರು. 1987ರಲ್ಲಿ ಕೊನೆಗೂ ದೊಡ್ಡ ತಂಡಕ್ಕೆ ಬಂದ.

ಈಗ ನಾನು ಹೇಳಬೇಕು ಅಂತಿರುವ ವಿಷಯಕ್ಕೆ ಬಂದೆ. 1987ರ ಸೆಪ್ಟೆಂಬರ್. ಸೆಮಿಫೈನಲ್ ಥರದ ಪಂದ್ಯ. ಗೆದ್ದವರು ಗ್ರ್ಯಾಂಡ್ ಫೈನಲ್‌ಗೆ. ಮೆಲ್ಬರ್ನ್ ಕ್ಲಬ್ 1964ರಿಂದ ಗ್ರ್ಯಾಂಡ್ ಫೈನಲ್ ಮುಖ ನೋಡಿರಲಿಲ್ಲ. ಇಪ್ಪತ್ತಮೂರು ವರ್ಷ ಕಾದ ಜನ. ಎದುರಿಗೆ ಹಾಥಾರ್ನ್ ತಂಡ. ಪಂದ್ಯ ನಡೆದದ್ದು ವೇವರ್ಲಿಯ ವಿಎಫ್‌ಎಲ್ ಪಾರ್ಕ್‌ನಲ್ಲಿ.

ಹೌದು, ನಮ್ಮ ವೇವರ್ಲಿ ಪಾರ್ಕೇ. ಮಲ್‌ಗ್ರೇವ್ ಕಡೆ ಮನೆ ಇರುವವರಿಗೆ ಚೆನ್ನಾಗಿ ಗೊತ್ತು. ಈಗ ಮೈದಾನದ ಸುತ್ತ ಮನೆಗಳು. ಹಳೆಯ ಸ್ಟ್ಯಾಂಡಿನ ಒಂದು ತುಂಡು ಉಳಿಸಿದ್ದಾರೆ, ನಡುವೆ ಹುಲ್ಲಿನ ಅಂಗಳ ಹಾಗೇ ಇದೆ. ನಾವು ಸಂಜೆ ವಾಕಿಂಗ್ ಹೋಗುವ ಜಾಗ ಅದು.

ಕೊನೆಯ ಕ್ಷಣಗಳು. ಮೆಲ್ಬರ್ನ್ ನಾಲ್ಕು ಪಾಯಿಂಟ್ ಮುಂದಿದೆ. ಹಾಥಾರ್ನ್‌ನ ಗ್ಯಾರಿ ಬಕನಾರಾಗೆ ಫ್ರೀ ಕಿಕ್ ಸಿಕ್ಕಿತು. ಗೋಲ್ ಆದರೆ ಆರು ಪಾಯಿಂಟ್. ಆದರೆ ಅವನು ನಿಂತಿದ್ದ ಜಾಗ ದೂರ. ಅಲ್ಲಿಂದ ಒದ್ದು ಮುಟ್ಟಿಸುವುದು ಕಷ್ಟ. ಆಗಲೇ ಸೈರನ್ ಆಯಿತು. ಆಟ ಮುಗಿದ ಹಾಗೇ. ಒಂದೇ ಒಂದು ಕಿಕ್ ಬಾಕಿ.

ಫ್ರೀ ಕಿಕ್ ಒದೆಯುವವನ ಮುಂದೆ ಎದುರಾಳಿ ತಂಡದವರು ಅಡ್ಡ ಹಾಯಬಾರದು. ಇದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ನಿಯಮ. ಆರು ವರ್ಷಕ್ಕೇ ಕಲಿತಿರುತ್ತಾರೆ. ಜಿಮ್ ಓಡಿ ಅಡ್ಡ ಹಾದುಬಿಟ್ಟ. ಅಂಪೈರ್ ಸೀಟಿ ಊದಿದರು. ಬಕನಾರಾನನ್ನು 15 ಮೀಟರ್ ಮುಂದಕ್ಕೆ ಕರೆತಂದು ನಿಲ್ಲಿಸಿದರು. ಅವನು ಒದ್ದ. ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ಹೋಯಿತು. ಹಾಥಾರ್ನ್‌ಗೆ ಎರಡು ಪಾಯಿಂಟ್‌ಗಳ ಗೆಲುವು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಚಿಕ್ಕಂದಿನಿಂದ ಮೆಲ್ಬರ್ನ್ ಕ್ಲಬ್ಬಿನ ಕಟ್ಟಾ ಅಭಿಮಾನಿ. ಆ ದಿನ ಅವರು ಆ ಮೈದಾನದಲ್ಲಿದ್ದರು. ಬೇಲಿಯಾಚೆ ನಿಂತು ನನಗೆ ಹತ್ತಾರು ಸಲ ಈ ಕತೆ ಹೇಳಿದ್ದಾರೆ. ಪ್ರತಿ ಸಲವೂ "ಅಡ್ಡ ಹಾದ" ಅನ್ನುವಾಗ ಕೈಯನ್ನು ಎಡದಿಂದ ಬಲಕ್ಕೆ ಎಳೆದು ತೋರಿಸುತ್ತಾರೆ. ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲವಂತೆ. ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಜಾನ್ ನಾರ್ತಿ ಜಿಮ್ ಮೇಲೆ ಕೂಗಾಡಿದ್ದನ್ನು ಇಡೀ ಊರು ನೋಡಿತು. ಮುಂದಿನ ವರ್ಷದಿಂದ ಆ ದಂಡನೆಯನ್ನು 15ರಿಂದ 50 ಮೀಟರ್‌ಗೆ ಏರಿಸಿದರು.

ಯೋಚನೆ ಮಾಡಿ. ಇಪ್ಪತ್ತೊಂದು ವರ್ಷದ ಹುಡುಗ. ಪರದೇಶ. ಅಪ್ಪ ಅಮ್ಮ ಹತ್ತು ಸಾವಿರ ಮೈಲಿ ದೂರ. ಇಡೀ ಊರಿನ ಇಪ್ಪತ್ತಮೂರು ವರ್ಷದ ಆಸೆ ನಿನ್ನಿಂದ ಹೋಯಿತು ಅಂತ ಟಿವಿ, ಪೇಪರು, ಬೀದಿ ಎಲ್ಲ ಕಡೆ ಮಾತು. ವಿಮಾನ ಹತ್ತಿ ಊರಿಗೆ ಹೋಗಿಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಅವನು ಮತ್ತೆ ಬಂದು ಆಡಿದ. ಎಷ್ಟು ಆಡಿದ ಅಂದರೆ, ಒಂದೂ ತಪ್ಪಿಸದೆ ಸತತ 244 ಪಂದ್ಯ. ಆ ತಪ್ಪು ಮಾಡಿದ ವರ್ಷವೇ ಶುರುವಾದ ಆ ಓಟ 1998ರಲ್ಲಿ ನಿಂತಿತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಆ ದಾಖಲೆಯನ್ನು ಯಾರೂ ಮುಟ್ಟಲಿಲ್ಲ. 1991ರಲ್ಲಿ ಬ್ರೌನ್‌ಲೋ ಪದಕ ಬಂತು. ಅದು ಅಂಪೈರ್‌ಗಳು ಕೊಡುವ ವೋಟಿನಿಂದ ಸಿಗುವ ಪದಕ, ಈ ಆಟದಲ್ಲಿ ಒಬ್ಬ ಆಟಗಾರನಿಗೆ ಅದಕ್ಕಿಂತ ದೊಡ್ಡದಿಲ್ಲ. ಯಾರ ಸೀಟಿಗೆ ಅವತ್ತು ಅವನ ಬದುಕು ಮುಗಿದ ಹಾಗಾಗಿತ್ತೋ ಆ ಅಂಪೈರ್‌ಗಳ ಬಳಗವೇ ನಾಲ್ಕು ವರ್ಷದ ಮೇಲೆ ಅವನನ್ನು ಆರಿಸಿತು. ಇದನ್ನು ನೆನೆದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಒಟ್ಟು 264 ಪಂದ್ಯ ಆಡಿದ. ಇಷ್ಟೇ ಆಗಿದ್ದರೆ ಫೆಡರೇಷನ್ ಸ್ಕ್ವೇರ್ ಅಷ್ಟು ತುಂಬುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಇನ್ನೂ ಆಡುತ್ತಿರುವಾಗಲೇ, 1994ರಲ್ಲಿ, ಸಿನಿಮಾ ಮಾಡುವ ಪಾಲ್ ಕರಿ ಜೊತೆ ಸೇರಿ ರೀಚ್ ಅನ್ನುವ ಸಂಸ್ಥೆ ಶುರು ಮಾಡಿದ. ಹದಿಹರೆಯದ ಮಕ್ಕಳಿಗಾಗಿ. ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುತ್ತಾರೆ. ಭಾಷಣ ಇಲ್ಲ. ನಿನಗೆ ಯಾವುದು ಭಯ, ಯಾವುದನ್ನು ಯಾರಿಗೂ ಹೇಳಿಲ್ಲ ಅಂತ ಕೇಳುತ್ತಾರೆ. ಆ ಮಕ್ಕಳು ಹೇಳುತ್ತಾರೆ, ಪಕ್ಕದ ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಈ ರಾಜ್ಯದ ಲಕ್ಷಾಂತರ ಮಕ್ಕಳು ಅಂಥ ಕೋಣೆಗಳಲ್ಲಿ ಕೂತು ಬಂದಿದ್ದಾರೆ. 2001ರಲ್ಲಿ, ಮತ್ತೆ 2003ರಲ್ಲಿ ಅವನನ್ನು ವರ್ಷದ ವಿಕ್ಟೋರಿಯನ್ ಅಂತ ಗೌರವಿಸಿದರು. ಎರಡು ಸಲ!

2008ರಲ್ಲಿ ಮೆಲ್ಬರ್ನ್ ಕ್ಲಬ್ ಮುಳುಗುವ ಸ್ಥಿತಿಗೆ ಬಂತು. ಸುಮಾರು 50 ಲಕ್ಷ ಡಾಲರ್ ಸಾಲ. ಅವನು ಅಧ್ಯಕ್ಷನಾಗಿ ಹೋದ. ಮರುವರ್ಷ ಜುಲೈನಲ್ಲಿ ಅವನಿಗೆ ಮೆಲನೋಮ ಅಂತ ಗೊತ್ತಾಯಿತು, ಚರ್ಮದ ಕ್ಯಾನ್ಸರ್. ಅದು ಮೆದುಳಿಗೂ ಹರಡಿತು. ಆಪರೇಷನ್ ಮೇಲೆ ಆಪರೇಷನ್. ನಡುವೆ ಕ್ಲಬ್ಬಿನ ಕೆಲಸ. 2010ರ ಆಗಸ್ಟ್‌ಗೆ ಸಾಲ ತೀರಿತು. 2012ರ ಫೆಬ್ರವರಿಯಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ. ಮಾರ್ಚ್ 20ಕ್ಕೆ ಸೇಂಟ್ ಕಿಲ್ಡಾದ ತನ್ನ ಮನೆಯಲ್ಲಿ ಕಣ್ಣು ಮುಚ್ಚಿದ. ವಯಸ್ಸು ಬರೀ 45.

(ಇಲ್ಲಿ ಒಂದು ಮಾತು. ನಮ್ಮ ಬಣ್ಣದವರಿಗೆ ಬಿಸಿಲು ಏನೂ ಮಾಡಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನಮಗೆ ಮೆಲನೋಮ ಕಡಿಮೆ ನಿಜ, ಬರುವುದೇ ಇಲ್ಲ ಅಂತ ಅಲ್ಲ. ಬಂದರೆ ತಡವಾಗಿ ಗೊತ್ತಾಗುತ್ತದೆ, ಯಾಕೆಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಅಂಗಾಲು, ಉಗುರಿನ ಕೆಳಗೆ ಕೂಡ ಬರಬಹುದು. ಹೊಸ ಮಚ್ಚೆ, ಬಣ್ಣ ಬದಲಾದ ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಿ. ಮಕ್ಕಳಿಗೆ ಟೋಪಿ ಹಾಕಿಸಿ.)

ಈಗ ನನ್ನ ಮನೆಯ ವಿಷಯ. ಇದನ್ನು ಬರೆಯಬೇಕಾ ಬೇಡವಾ ಅಂತ ತುಂಬಾ ಯೋಚಿಸಿದೆ. ಮಗನನ್ನೇ ಕೇಳಿದೆ. "ಬರಿ ಅಪ್ಪ" ಅಂದ.

ಕಳೆದ ವರ್ಷ ಅವನು ಎಂಟನೇ ಕ್ಲಾಸು. ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂಬತ್ತನೇ ಕ್ಲಾಸಿಗೆ ಸೆಲೆಕ್ಟಿವ್ ಶಾಲೆಗೆ, ಅಂದರೆ ಪರೀಕ್ಷೆಯಲ್ಲಿ ಆಯ್ಕೆಯಾದವರನ್ನು ಮಾತ್ರ ತೆಗೆದುಕೊಳ್ಳುವ ಸರ್ಕಾರಿ ಶಾಲೆಗೆ ಸೇರಲು ಜೂನ್‌ನಲ್ಲಿ ಪರೀಕ್ಷೆ. ಅದಕ್ಕಾಗಿ ಎರಡು ವರ್ಷ ಟ್ಯೂಷನ್. ಶನಿವಾರ ಬೆಳಿಗ್ಗೆ ಒಂದು, ಬುಧವಾರ ಸಂಜೆ ಒಂದು. ಶನಿವಾರದ ಟ್ಯೂಷನ್ನಿಗಾಗಿ ಫುಟಿ ಬಿಡಿಸಿದೆವು. ಏಳು ವರ್ಷದಿಂದ ಆಡುತ್ತಿದ್ದ. ಚಳಿಗಾಲದ ಬೆಳಿಗ್ಗೆ ಇಬ್ಬನಿ ಹುಲ್ಲಿನ ಮೇಲೆ ಓಡಿ, ನಡುವೆ ಬಿಡುವಿನಲ್ಲಿ ಕಿತ್ತಳೆ ಹೋಳು ಚೀಪಿ, ಮೊಣಕಾಲೆಲ್ಲ ಕೆಸರು ಮಾಡಿಕೊಂಡು ಕಾರು ಹತ್ತುತ್ತಿದ್ದ ಹುಡುಗ. ಬಿಡಿಸಿದ ದಿನ ಅವನು ಜಗಳ ಮಾಡಲಿಲ್ಲ. ಬೂಟನ್ನು ತಾನೇ ತೊಳೆದು ಗ್ಯಾರೇಜಿನ ಮೇಲಿನ ಅಟ್ಟಕ್ಕೆ ಎತ್ತಿಟ್ಟ. ಅದನ್ನು ನೋಡಿಯೂ ನಾನು ಸುಮ್ನೆ ಇದ್ದೆ.

ಸೀಟು ಸಿಗಲಿಲ್ಲ.

ಅವನಿಗೆ ಸಿಗದೆ ಹೋದದ್ದಕ್ಕೆ ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಹೇಳಬೇಕಾದದ್ದು ಆಮೇಲೆ ಆದದ್ದು. ಪರಿಚಯದ ಒಬ್ಬರು ಫೋನ್ ಮಾಡಿ, "ಮಗನದು ಏನಾಯ್ತು?" ಅಂತ ಕೇಳಿದರು. "ಈ ಸಲ ಅವನು ಪರೀಕ್ಷೆನೇ ಬರೀಲಿಲ್ಲ" ಅಂದುಬಿಟ್ಟೆ. ನಾಲಿಗೆಗೆ ಅಷ್ಟು ಸುಲಭವಾಗಿ ಬಂತು. ಫೋನ್ ಇಟ್ಟು ತಿರುಗಿದರೆ ಮಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹಾಲಿನ ಲೋಟ.

ಅವನು ಏನೂ ಅನ್ನಲಿಲ್ಲ. ಲೋಟ ತೊಳೆದಿಟ್ಟು ರೂಮಿಗೆ ಹೋದ. ದೀಪಾವಳಿ ಕಾರ್ಯಕ್ರಮಕ್ಕೆ ಹೊರಟಾಗ ಬರಲ್ಲ ಅಂದ. ರಾಜ್ಯೋತ್ಸವಕ್ಕೂ ಬರಲಿಲ್ಲ. ಪ್ರತಿವರ್ಷ ಡೊಳ್ಳು ಕುಣಿತದಲ್ಲಿ ಮುಂದೆ ನಿಲ್ಲುತ್ತಿದ್ದವನು. ಯಾಕೋ ಅಂದರೆ, "ಎಲ್ಲರೂ ಕೇಳ್ತಾರೆ. ನಾನು ಏನಂತ ಹೇಳಲಿ? ನೀವು ಹೇಳಿದ್ದನ್ನೇ ಹೇಳಲಾ?" ಅಂದ.

ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಇದೆ. ಪರೀಕ್ಷೆ ಅವನನ್ನು ಕುಗ್ಗಿಸಿರಲಿಲ್ಲ. ಅದು ಬಚ್ಚಿಡಬೇಕಾದ ವಿಷಯ ಅಂತ ನಾನು ಕಲಿಸಿದೆನಲ್ಲ, ಅದು ಕುಗ್ಗಿಸಿತು.

ಮಾರನೇ ಭಾನುವಾರ ಅವನನ್ನು ಕರೆದುಕೊಂಡು ವೇವರ್ಲಿ ಪಾರ್ಕ್ ಕಡೆ ನಡೆದೆ. ಮೈದಾನದ ಅಂಚಿನಲ್ಲಿ ನಿಂತು ಕ್ಷಮೆ ಕೇಳಿದೆ. ಮಗನ ಹತ್ತಿರ ಕ್ಷಮೆ ಕೇಳುವುದು ನಮ್ಮ ಮನೆತನದಲ್ಲಿ ಇದೇ ಮೊದಲಿರಬೇಕು. ಆಮೇಲೆ ಜಿಮ್ ಕತೆ ಹೇಳಿದೆ. ಅವನಿಗೆ ಜಿಮ್ ಹೆಸರು ಗೊತ್ತಿತ್ತು. ಪಕ್ಕದ ಮನೆಯ ಅಜ್ಜ 2021ರಲ್ಲಿ ಮೆಲ್ಬರ್ನ್ ತಂಡ ಕೊನೆಗೂ ಗೆದ್ದಾಗ ಅತ್ತದ್ದನ್ನು ಅವನೂ ನೋಡಿದ್ದ. 57 ವರ್ಷದ ಮೇಲೆ ಬಂದ ಗೆಲುವು ಅದು. ಲಾಕ್‌ಡೌನ್ ಇತ್ತು, ಪಂದ್ಯ ದೂರದ ಪರ್ತ್‌ನಲ್ಲಿ. ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿರಲಿಲ್ಲ. ಬೇಲಿಯ ಆ ಕಡೆ ಅಜ್ಜ, ಈ ಕಡೆ ನಾವು. "ಇವತ್ತು ಜಿಮ್ ಇರಬೇಕಿತ್ತು" ಅಂದಿದ್ದರು. ಅದಾಗಿ ಐದು ವಾರಕ್ಕೆ ನಮ್ಮ ಅಪ್ಪು ಹೋದ. ಪುನೀತ್ ರಾಜ್‌ಕುಮಾರ್ ಸುದ್ದಿ ಕೇಳಿ ನಾನು ಅಳುತ್ತಾ ಕೂತಾಗ ಅದೇ ಅಜ್ಜ ಬೇಲಿಯಾಚೆಯಿಂದ ಯಾರು ಹೋದದ್ದು ಅಂತ ಕೇಳಿದರು. ಒಂಬತ್ತು ವರ್ಷದ ಹಿಂದೆ ನಾನು ಆ ಹೆಂಗಸನ್ನು ಕೇಳಿದ ಹಾಗೇ. ನಮ್ಮವನು ಅಂದೆ.

ಮಗನಿಗೆ ಗೆಲುವಿನ ಕತೆ ಗೊತ್ತಿತ್ತು, 1987ರ ಆ ಓಟದ ಕತೆ ಗೊತ್ತಿರಲಿಲ್ಲ. ಪೂರ್ತಿ ಕೇಳಿದ. ಅಡ್ಡ ಹಾದ ಜಾಗ ಯಾವುದು ಅಂತ ಕೇಳಿದ. ಸರಿಯಾಗಿ ಗೊತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಅವನು ಎಷ್ಟು ಪಂದ್ಯ ಮಿಸ್ ಮಾಡ್ಕೊಂಡ?" ಅಂದ.

"ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೂ ಇಲ್ಲ" ಅಂದೆ.

ನನ್ನ ಕಡೆ ತಿರುಗಿ ನೋಡಿದ. ಮನೆಗೆ ಬಂದು ಏಣಿ ಹಾಕಿ ಅಟ್ಟದಿಂದ ಬೂಟು ಇಳಿಸಿದ. ಅಳತೆ ಚಿಕ್ಕದಾಗಿತ್ತು. ಹೊಸದು ಕೊಂಡೆವು.

ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ. ಜಿಮ್ ಗೆದ್ದ ಪದಕದ ಕತೆ ಎಲ್ಲರೂ ಹೇಳುತ್ತಾರೆ. ನಾವು ನಮ್ಮ ಮಕ್ಕಳಿಗೆ ಆ ತಪ್ಪಿನ ಕತೆ ಹೇಳೋಣ. ಅವನು ಎಲ್ಲಿ ನಿಂತಿದ್ದ, ಹೇಗೆ ಓಡಿದ, ಇಡೀ ಊರು ಏನಂದಿತು, ಎಲ್ಲ ಬಿಡಿಸಿ ಹೇಳೋಣ. ಹಾಗೇ ನಮ್ಮದನ್ನೂ ಹೇಳೋಣ. ನಾನು ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾಗಿದ್ದೆ. ಸಪ್ಲಿಮೆಂಟರಿ ಬರೆದು ಪಾಸಾದೆ. ಹದಿಮೂರು ವರ್ಷ ಇದನ್ನು ಮಗನಿಗೆ ಹೇಳಿರಲಿಲ್ಲ. ನಿಮ್ಮಲ್ಲೂ ಇಂಥದ್ದು ಒಂದಿಲ್ಲದವರು ಇರಲಿಕ್ಕಿಲ್ಲ. ವೀಸಾ ಎರಡು ಸಲ ತಿರಸ್ಕಾರವಾದದ್ದು, ಇಲ್ಲಿಗೆ ಬಂದು ಎಂಟು ತಿಂಗಳು ಕೆಲಸ ಸಿಗದೆ ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿದ್ದು. ಮಕ್ಕಳಿಗೆ ನಾವು ತೋರಿಸುವುದು ಈಗಿನ ಮನೆ, ಈಗಿನ ಕಾರು ಮಾತ್ರ.

ಸಂಘಗಳ ಹಿರಿಯರೇ, ನಿಮ್ಮ ಮೇಲೆ ನನಗೆ ದೂರಿಲ್ಲ. ಕೆಲಸದ ನಡುವೆ ಹಾಲ್ ಬುಕ್ ಮಾಡಿ, ಊಟಕ್ಕೆ ವ್ಯವಸ್ಥೆ ಮಾಡಿ, ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿಸಿದವರು ನೀವು. ಪ್ರತಿಭಾ ಪುರಸ್ಕಾರವೂ ಇರಲಿ, ಓದಿದ ಮಕ್ಕಳಿಗೆ ಶಾಲು ಹೊದಿಸುವುದು ತಪ್ಪಲ್ಲ. ಆದರೆ ಆ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಫೋನ್ ನೋಡುತ್ತಾ ಕೂತ ಮಕ್ಕಳನ್ನು ಒಮ್ಮೆ ನೋಡಿ. ಅವರಿಗಾಗಿ ಒಂದು ಗಂಟೆ ಕೊಡಿ. ಪಕ್ಕದ ಕೋಣೆಯಲ್ಲಿ ಹದಿನೈದು ಕುರ್ಚಿ ದುಂಡಗೆ ಹಾಕಿದರೆ ಸಾಕು. ಅಪ್ಪ ಅಮ್ಮಂದಿರು ಹೊರಗಿರಲಿ. ಮಾತಾಡಿಸಲು ಕಾಲೇಜಿಗೆ ಹೋಗುವ ನಮ್ಮದೇ ದೊಡ್ಡ ಮಕ್ಕಳು ಇದ್ದಾರೆ. ಜಿಮ್ ಮಾಡಿದ್ದು ಅದನ್ನೇ ತಾನೇ. ಇದಕ್ಕೆ ಬೇಕಾದ ಓಡಾಟ ನಾನು ಮಾಡುತ್ತೇನೆ, ಕುರ್ಚಿ ಜೋಡಿಸುವುದರಿಂದ ಹಿಡಿದು.

ಇನ್ನೊಂದು ಮಾತು. "ಫುಟಿ ನಮ್ಮ ಆಟ ಅಲ್ಲ" ಅಂತ ಮೊನ್ನೆ ಯುಗಾದಿ ಊಟದ ಪಂಕ್ತಿಯಲ್ಲಿ ಯಾರೋ ಅಂದರು. ಕ್ರಿಕೆಟ್ ನನ್ನ ಪ್ರಾಣ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಜಿಮ್‌ಗೂ ಇದು ತನ್ನ ಆಟ ಆಗಿರಲಿಲ್ಲ. ಡಬ್ಲಿನ್‌ನಿಂದ ಬಂದಾಗ ಈ ಚೆಂಡು ಅವನ ಕೈಗೆ ಹೊಸದು. ನಿಮ್ಮ ಬೀದಿಯ ಓವಲ್‌ಗೆ ಮಕ್ಕಳನ್ನು ಒಂದು ಚಳಿಗಾಲ ಕಳಿಸಿ ನೋಡಿ.

ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು, ನನ್ನ ಹೆಂಡತಿ, ಮಗ ಮೂವರೂ ಜಿಮ್ ಪ್ರತಿಮೆ ಹತ್ತಿರ ಇರುತ್ತೇವೆ. ವಾರ್ನ್ ಹತ್ತಿರ ನಿಂತು ಸುತ್ತ ನೋಡಿದರೆ ಸಿಗುತ್ತೇವೆ. ಪಕ್ಕದ ಮನೆಯ ಅಜ್ಜ ಕೆಂಪು ನೀಲಿ ಮಫ್ಲರ್ ಹಾಕಿಕೊಂಡು ಬರುತ್ತೇನೆ ಅಂದಿದ್ದಾರೆ, ಆ ದಿನ ತಾವು ಕಂಡದ್ದನ್ನು ಮಕ್ಕಳಿಗೆ ಅವರ ಬಾಯಿಂದಲೇ ಕೇಳಿಸೋಣ. ಚಿತ್ರಾನ್ನ, ಮೊಸರನ್ನ ನಾವು ತರುತ್ತೇವೆ. ಕಿತ್ತಳೆ ಹೋಳು ಕೂಡ. ಚೆಂಡು ಮಗ ತರುತ್ತಾನೆ. ಯಾರ್ರಾ ಪಾರ್ಕಿನ ಹುಲ್ಲು ಬೆಳಿಗ್ಗೆ ಒದ್ದೆ ಇರುತ್ತದೆ, ಮಕ್ಕಳಿಗೆ ಹಳೆಯ ಬಟ್ಟೆ ಹಾಕಿ ಕರೆತನ್ನಿ.

ನಿಮ್ಮವ,
ಮಲ್‌ಗ್ರೇವ್‌ನ ಒಬ್ಬ ಅಪ್ಪ